ಮೊಳೆ ಹೊಡೆಯಬಾರದು

ಗೋಡೆಗೆ ಮೊಳೆ ಹೊಡೆದ ದಿನವೇ ಮನೆ ಖಾಲಿ ಮಾಡಬೇಕು ಎಂಬುದು ಮನೆ ಮಾಲೀಕರ ಕರಾರು. ಹಾಗಾಗಿ ಮಹಡಿಯ ಬಾಡಿಗೆದಾರನ ತಾಯಿ, ತೀರಿಕೊಂಡು ವರ್ಷಗಳಾದರೂ, ಫೋಟೋದೊಳಗೆ ಟ್ರಂಕಿನ ಮೇಲೆ ಗೋಡೆಗೊರಗಿ ಕೂತೇ ಇದ್ದರು. ಈಗ ಮಾಲೀಕರೇ ಹೋಗಿಬಿಟ್ಟರು. ಅವರ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಮಹಡಿ ಹತ್ತಿದ ಬಾಡಿಗೆದಾರ ಸುತ್ತಿಗೆ ಕೈಗೆತ್ತಿಕೊಂಡ.

"ರೀ, ಬೇಡ. ಅವರ ಕೆಮ್ಮು ಇನ್ನೂ ಮೆಟ್ಟಿಲಲ್ಲಿ ಕೇಳಿಸುತ್ತೆ," ಎಂದಳು ಹೆಂಡತಿ.

"ಬಾಡಿಗೆದಾರರ ಸಂಘದವರು ಹೇಳಿಲ್ವೇನೆ? ಇಂಥದ್ದಕ್ಕೆಲ್ಲ ಯಾರನ್ನೂ ಓಡಿಸೋ ಹಾಗಿಲ್ಲ, ಕಾನೂನು ತರಿಸ್ತೀವಿ ಅಂತ?"

"ಕಾನೂನು ಬದುಕಿರೋರಿಗೆ ಕಣ್ರೀ."

ಅವನು ಹೊಡೆದೇಬಿಟ್ಟ. ಮೊಳೆ ಅರ್ಧ ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅದು ನಿಧಾನವಾಗಿ ಹತ್ತಿ ಬಂದು ಬಾಗಿಲಾಚೆ ನಿಂತಿತು.

"ಮುಗೀತು. ಮಕ್ಕಳ ಪರೀಕ್ಷೆ ಹೊತ್ತಿಗೆ ಸರಿಯಾಗಿ ಬೀದಿಗೆ ಬಿದ್ವಿ," ಎಂದು ಹೆಂಡತಿ ಪಿಸುಗುಟ್ಟಿದಳು.

ಬಾಗಿಲು ತೆರೆದರೆ ಮಾಲೀಕರ ಹೆಂಡತಿ. ಗಂಡನ ಹೊಸ ಫೋಟೋವನ್ನು ಎದೆಗವಚಿಕೊಂಡಿದ್ದರು. ಕೈಯಲ್ಲೊಂದು ಮೊಳೆಯಿತ್ತು. ಗೋಡೆಯನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದರು:

"ನೀವು ಹೊಡೆದಾಗ ನಮ್ಮನೆಯವರು ಏನಾದ್ರೂ ಅಂದ್ರಾ?"