ಬಂಗಾರದ ಗುಳಿಗೆ

ಫೋನಿನ ಆಟದಲ್ಲಿ ಹಿಡಿದ ಪ್ರಾಣಿಗಳು ಈಗ ಎಲ್ಲರ ಮನೆಯಲ್ಲೂ ಓಡಾಡಿಕೊಂಡಿವೆ. ನಮ್ಮದು ಆರು ಕಾಲಿನ ಪುಟಾಣಿ. ಅದರ ತಲೆಯಲ್ಲಿ ನಿಲ್ಲುವುದು ಎರಡೇ ವಿದ್ಯೆ, ಸದ್ಯಕ್ಕೆ ನೀರು ಹೊರುವುದು ಮತ್ತು ಪಾತ್ರೆ ತಿಕ್ಕುವುದು. ಹೊಸದು ಕಲಿತರೆ ಹಳೆಯದೊಂದು ಮರೆತುಹೋಗುತ್ತದೆ. ಮಾಮೂಲಿ ಗುಳಿಗೆ ಕೊಟ್ಟರೆ ತನಗೆ ತೋಚಿದ್ದನ್ನು ಕಲಿಯುತ್ತದೆ. ನಾವು ಹೇಳಿದ್ದನ್ನು ಕಲಿಸಲು ಬಂಗಾರದ ಗುಳಿಗೆಯೇ ಬೇಕು. ಅದು ನನಗೆ ಮೊನ್ನೆ ಸಿಕ್ಕಿತು. ಇನ್ನೊಂದು ಸಿಗುವ ಭರವಸೆಯಿಲ್ಲ.

"ರೊಟ್ಟಿ ಬಡಿಯೋದು ಕಲಿಸು ಕಸ್ತೂರಿ," ಅಂದರು ನಮ್ಮತ್ತೆ. "ಭಾಂಡೆ ತಿಕ್ಕೋದು ಮರತರ ನೀ ಅದೀಯಲ್ಲ."

ಪುಟಾಣಿ ಬಚ್ಚಲಲ್ಲಿ ತಿಕ್ಕುತ್ತಲೇ ಇತ್ತು. ಅದರ ಮುಂಗಾಲುಗಳೂ ನನ್ನ ಕೈಗಳ ಹಾಗೆ ಬಿರುಕು ಬಿಟ್ಟಿದ್ದವು. ಗುಳಿಗೆ ನುಂಗಿಸಿ, ಫೋನಿನಲ್ಲಿ ವಿದ್ಯೆಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ತೀರಾ ಕೊನೆಗೆ, ಯಾರೂ ಆರಿಸದ ಒಂದಿತ್ತು: ಸುಮ್ಮನೆ ಕೂರುವುದು. ಒತ್ತಿಬಿಟ್ಟೆ.

ಪುಟಾಣಿ ತಿಕ್ಕುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಿತು.

"ಏನ್ ಕಲಿಸಿದಿ?" ಅತ್ತೆ ಒಳಗಿನಿಂದ ಕೇಳಿದರು.

"ತಡೀರಿ, ನೋಡೂಣು," ಎಂದು ನಾನೂ ಅದರ ಪಕ್ಕದಲ್ಲಿ, ಅದರಂತೆಯೇ ಕೂತೆ. ಬೇಳೆಯ ಮೊರ ಯಾವಾಗ ತೊಡೆಯ ಮೇಲೆ ಬಂತೋ ತಿಳಿಯಲಿಲ್ಲ. ನೋಡುವಷ್ಟರಲ್ಲಿ ನನ್ನ ಕೈ ಕಲ್ಲು ಆರಿಸುತ್ತಿತ್ತು.