ಸರ್ವಮಂಗಳಮ್ಮನ ತುಲಾಭಾರ

ಮೊಣಕಾಲು ನೋಯದೆ ಬೆಟ್ಟ ಹತ್ತಿದರೆ ತನ್ನ ತೂಕದಷ್ಟು ಬೆಲ್ಲ ಕೊಡುವೆನೆಂದು, ತೊಂಬತ್ತು ಕಿಲೊ ಇದ್ದ ಸರ್ವಮಂಗಳಮ್ಮ ವೀರಭದ್ರನಿಗೆ ಹರಕೆ ಹೊತ್ತಿದ್ದರು. ಡಾಕ್ಟರು ವಿಡಿಯೊದಲ್ಲೇ ನೋಡಿ ವಾರವಾರ ಕಾಲು ಮಿಲಿಗ್ರಾಂನಂತೆ ತೂಕ ಇಳಿಸುವ ಔಷಧ ಏರಿಸಿದರು. ಆ ಔಷಧ ತಗೊಂಡ ಎಲ್ಲರಿಗೂ ಆಗುವಂತೆ ಮೈಯ ಗಾತ್ರ ಹಾಗೇ ಉಳಿದು ತೂಕವಷ್ಟೇ ಇಳಿಯಿತು. ಗಾಳಿಯಿದ್ದರೆ ಸೆರಗಿಗೆ ಕಲ್ಲು ಕಟ್ಟಿಕೊಳ್ಳಿ ಎಂದು ಚೀಟಿಯಲ್ಲೇ ಬರೆದಿತ್ತು.

ಇಂದು ಮುನ್ನೂರು ಮೆಟ್ಟಿಲನ್ನು ಕುಪ್ಪಳಿಸಿಯೇ ಹತ್ತಿ, ದೇವಸ್ಥಾನದ ತಕ್ಕಡಿಯಲ್ಲಿ ಕೂತರು. ನಾಲ್ಕು ಕಿಲೊ ಬೆಲ್ಲಕ್ಕೇ ತಟ್ಟೆ ಸಮವಾಯಿತು.

“ಮುಗೀತಲ್ಲ, ಇಳಿಯೇ!” ಎಂದು ಗಂಡ ಪಂಚಾಕ್ಷರಯ್ಯ ನಕ್ಕರು.

“ಹರಕೆ ಹೊತ್ತಾಗ ತೊಂಬತ್ತಿದ್ದೆ ಕಣ್ರೀ. ದೇವ್ರಿಗೇ ಟೋಪಿ ಹಾಕ್ಲಾ? ನಿಮ್ಮ ತೂಕ ಎಷ್ಟು?”

“ಎಂಬತ್ತಾರು.”

“ಸರಿಹೋಯ್ತು. ಬನ್ನಿ, ತೊಡೆ ಮೇಲೆ ಕೂತ್ಕೊಳ್ಳಿ.”

ಸಾಲಿನಲ್ಲಿದ್ದವರೆಲ್ಲ ಹೋ ಎಂದರು. ಪಂಚಾಕ್ಷರಯ್ಯ ಪಂಚೆ ಎತ್ತಿಕಟ್ಟಿ, ನಾಚುತ್ತಲೇ ಹತ್ತಿದರು.