ಸಂತೆಯ ಘಾಗ್ರಾ

ಒದ್ದೆ ಅರಿಶಿನದ ವಾಸನೆ ಬಂದರೆ ಈಗಲೂ ನನ್ನ ಕಾಲು ಒಂದೆಡೆ ನಿಲ್ಲುವುದಿಲ್ಲ.

ಅಹಮದಾಬಾದಿನ ನಮ್ಮ ಸೊಸೈಟಿಯ ಅಂಗಳದಲ್ಲಿ ಆ ಸಂಜೆ ನವರಾತ್ರಿಯ ಗರ್ಬಾ ಕುಣಿತದ ಢೋಲು ಶುರುವಾಗಿತ್ತು. ನನಗೆಂದು ಹಳೆಬಟ್ಟೆ ಸಂತೆಯಿಂದ ತಂದ ಕನ್ನಡಿ ಕಸೂತಿಯ ಘಾಗ್ರಾ ಲಂಗಕ್ಕೆ ಅವ್ವ ತನ್ನ ಹರಿದ ಇಳಕಲ್ ಸೀರೆಯ ಅಂಚು ಹೊಲಿಯುತ್ತಿದ್ದಳು. ನಾನು ಬಾಗಿಲಿಗೂ ಮಷೀನಿಗೂ ಓಡಾಡುತ್ತಿದ್ದೆ.

"ಯಾರು ಉಟ್ಟು ಬಿಟ್ಟಿದ್ದೋ ಏನೋ. ಹೊಸಾದಕ್ಕ ಹಚ್ಚೂ ಅರಿಶಿಣ ಇದಕ್ಕ ನಾ ಹಚ್ಚಂಗಿಲ್ಲ," ಎಂದರು ಧಾರವಾಡದಿಂದ ಬಂದಿದ್ದ ಅಜ್ಜಿ.

"ಬಿಸಿನೀರಾಗ ಒಗದೀನ್ರಿ, ಅತ್ತಿಯವ್ರ," ಎಂದಳು ಅವ್ವ ತಲೆ ಎತ್ತದೆ.

ಅಜ್ಜಿ ಘಾಗ್ರಾವನ್ನು ಎಳೆದುಕೊಂಡು ಒಳಮಗ್ಗುಲು ತಿರುವಿದರು. ಸೊಂಟದ ಮಡಿಕೆಯಲ್ಲಿ ಮಾಸಿದ ಕುಂಕುಮದ ಬೊಟ್ಟೊಂದಿತ್ತು. ಅದನ್ನೇ ನೋಡುತ್ತ ಕುಳಿತರು.

"ಯಾರೋ ತಮ್ಮ ಮಗಳಿಗಂತ ಹಚ್ಚ್ಯಾರ," ಎಂದು ಅದರ ಪಕ್ಕದಲ್ಲೇ ಅರಿಶಿನ ಇಟ್ಟರು.

ಅದು ಆರುವ ಮೊದಲೇ ನಾನು ಘಾಗ್ರಾ ಉಟ್ಟು ಮೆಟ್ಟಿಲಿಳಿದಿದ್ದೆ.